ಮೂರಕ್ಕೆ ಮುಂಚೆ ನಾಲ್ಕನೆಯ ರೀಲು

ಪರದೆಯ ಮೇಲೆ ರಾಜಕುಮಾರಿ ಹಗ್ಗಕ್ಕೆ ಕತ್ತರಿ ಹಾಕಿದಳು.

ಹಗ್ಗ ಹಿಡಿದು ಬಂಡೆ ಹತ್ತುತ್ತಿದ್ದ ಹುಡುಗ ತಲೆಯೆತ್ತಿ ನೋಡಿದ. ಒಂದು ಎಳೆ ಬಿಚ್ಚಿತು. ಇನ್ನೊಂದು ಎಳೆ ಬಿಚ್ಚಿತು. ಅವಳ ಕೈಗೂ ಅವನ ಕೈಗೂ ನಡುವೆ ಉಳಿದಿದ್ದದ್ದು ಒಂದು ಗೇಣು, ಅಷ್ಟೇ. ಹುಡುಗ ಬಂಡೆಯ ಮೈ ಸವರಿಕೊಂಡು ಕೆಳಗಿನ ಕೆರೆಗೆ ಬಿದ್ದ.

"ನೋಡಿದಿರಾ ಮಹಾಜನಗಳೇ," ಪರದೆಯ ಪಕ್ಕದಿಂದ ತಗಡಿನ ತುತ್ತೂರಿ ಮಾತಾಡಿತು. "ಇದು ಹೆಣ್ಣಿನ ಗರ್ವ. ಬೀದಿ ದೀಪ ಹಚ್ಚುವ ಬಡವ ನನ್ನ ಕೈ ಹಿಡಿಯುವುದೇ ಎಂದು ಕೊನೆಯ ಗಳಿಗೆಯಲ್ಲಿ..."

"ಸುಳ್ಳು!"

ಹೆಂಗಸರ ಕಡೆಯಿಂದ ಬಂದ ಮಾತು. ತಡಿಕೆಯ ಆಚೆ ಕೂತಿದ್ದ ಗಂಡಸರೆಲ್ಲ ಒಟ್ಟಿಗೆ ತಿರುಗಿದರು.

ತಾನು ಎದ್ದು ನಿಂತಿದ್ದೇನೆ ಎಂಬುದು ಕದರಮ್ಮನಿಗೆ ಆಗಲೇ ಗೊತ್ತಾದದ್ದು. ಇಪ್ಪತ್ತು ವರ್ಷದ ಹುಡುಗಿ, ಅಷ್ಟು ಜನರ ನಡುವೆ... ಕೂತುಬಿಡೋಣ ಎನ್ನಿಸಿತು. ಆದರೆ ನಾಲಗೆ ಕೂರಲಿಲ್ಲ.

"ಗರ್ವದೋಳು ಯಾಕೆ ಅಳ್ತಾಳೆ? ಅವಳ ಕಣ್ಣು ನೋಡಿ. ನೀರೈತೆ."

ತುತ್ತೂರಿ ಹೆಂಗಸರ ಕಡೆ ತಿರುಗಿತು.

"ಅದು ಪಶ್ಚಾತ್ತಾಪದ ಕಣ್ಣೀರು, ತಾಯಿ."

"ಕತ್ತರಿಸೋಕೆ ಮುಂಚೆನೇ ಪಶ್ಚಾತ್ತಾಪನಾ?"

ಗಂಡಸರ ಕಡೆ ನಗೆ ಎದ್ದಿತು. ಯಾರೋ ಸಿಳ್ಳೆ ಹಾಕಿದರು. ತುತ್ತೂರಿ ಹಿಡಿದವನಿಗೆ ಮುಂದಿನ ಎರಡು ಮಾತು ತೊದಲಿತು. ಕದರಮ್ಮನ ತಾಯಿ ಲಕ್ಷ್ಮಕ್ಕ ಮಗಳ ಸೆರಗು ಹಿಡಿದು ಕೆಳಗೆಳೆದಳು.

"ಕೂತ್ಕಳೇ. ಅವನೊಂದು ಹೇಳ್ತಾನೆ, ನೀನೊಂದು ಹೇಳ್ತೀಯ. ಕಣ್ಣು ಕಾಣ್ದೋಳು ನಾನು ಯಾರ್ದು ನಂಬಲಿ?"

ಯುದ್ಧದ ಕಾಲ ಅದು. ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಏದುಸಿರು ಬಿಡುತ್ತಾ ತುಮಕೂರಿಗೆ ಹೋಗಿ ಬರುತ್ತಿದ್ದವು. ಟೂರಿಂಗ್ ಟಾಕೀಸಿನ ಟೆಂಟು ಮಾತ್ರ ಎತ್ತಿನ ಗಾಡಿಗಳ ಮೇಲೆ ಕೊರಟಗೆರೆಯಿಂದ ಮಧುಗಿರಿಗೆ ಬಂದು, ಬೆಟ್ಟದ ಬುಡದ ಒಂದು ಹೊಲದಲ್ಲಿ ಇಳಿದಿತ್ತು. ತಂದಿದ್ದದ್ದು ಬೊಂಬೆ ಸಿನಿಮಾ. ಮನುಷ್ಯರೇ ಇಲ್ಲ, ಎಲ್ಲ ಬಣ್ಣದಲ್ಲಿ ಬರೆದ ಬೊಂಬೆಗಳು. ಅವು ನಡೆಯುತ್ತವೆ, ನಗುತ್ತವೆ, ಅಳುತ್ತವೆ. ಮಾತು ಇಂಗ್ಲಿಷಿನದು. ಹಾಗಾಗಿ ಅದರ ಸದ್ದು ತಗ್ಗಿಸಿ, ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಕತೆ ಹೇಳಲು ರೇಣುಕಯ್ಯನಿದ್ದ. ನಾಟಕದ ಕಂಪನಿಯಲ್ಲಿ ಬೆಳೆದ ಗಂಟಲು. ಊರವರು ಅವನನ್ನು ಕತೆ ಮೇಷ್ಟ್ರು ಎನ್ನುತ್ತಿದ್ದರು.

ಹೊಲ ಪಾಲಪ್ಪನದು. ಕದರಮ್ಮನಿಗೆ ದೊಡ್ಡಪ್ಪ. ತಮ್ಮ ತೀರಿಕೊಂಡ ಮೇಲೆ ಅವನ ಹೆಂಡತಿಯನ್ನೂ ಮಗಳನ್ನೂ ಮನೆಯಲ್ಲಿ ಇಟ್ಟುಕೊಂಡಿದ್ದ. ಇಟ್ಟುಕೊಂಡಿದ್ದೇನೆ ಎಂದು ವಾರಕ್ಕೊಮ್ಮೆ ನೆನಪು ಮಾಡುತ್ತಿದ್ದ. ಹೆಂಗಸರ ಬಾಗಿಲಲ್ಲಿ ಟಿಕೀಟು ಹರಿಯುವ ಕೆಲಸ ನಮ್ಮ ಲಕ್ಷ್ಮಕ್ಕನಿಗೇ ಕೊಡಬೇಕು ಎಂದು ಟೆಂಟಿನ ಯಜಮಾನ ಜಯರಾಮಯ್ಯನಿಗೆ ಹೇಳಿ ಕೊಡಿಸಿದವನೂ ಅವನೇ. ಲಕ್ಷ್ಮಕ್ಕನ ಎರಡು ಕಣ್ಣಿಗೂ ಪೊರೆ. ಟಿಕೀಟು ಹರಿಯುವುದು ಮಗಳು, ಕೂರುವುದು ಇಬ್ಬರೂ. ಆಟ ಶುರುವಾದ ಮೇಲೆ ಪರದೆಯ ಮೇಲಿನದನ್ನೆಲ್ಲ ಮಗಳು ತಾಯಿಯ ಕಿವಿಯಲ್ಲಿ ಹೇಳಬೇಕು. ಬೇರೆಯವರು ಒಂದು ಸಲ ನೋಡಿ ಮನೆಗೆ ಹೋಗುವ ಆಟವನ್ನು ಕದರಮ್ಮ ದಿನವೂ ನೋಡುತ್ತಿದ್ದಳು. ಅವಳು ಬರೀ ನೋಡಿದರಾಗದು, ಇನ್ನೊಬ್ಬರಿಗೆ ಕಾಣಿಸುವಂತೆ ನೋಡಬೇಕು.

ಮಾರನೆಯ ಬೆಳಿಗ್ಗೆ ಅವಳು ಹೆಂಗಸರ ಬಾಗಿಲಿಗೆ ನೀರು ಚಿಮುಕಿಸುತ್ತಿದ್ದಾಗ ರೇಣುಕಯ್ಯನೇ ಬಂದ.

"ನಿನ್ನೆ ಸುಳ್ಳು ಅಂದವರು ನೀವೇನಾ?"

"ಸುಳ್ಳು ಹೇಳಿದೋರು ನೀವೇನಾ?"

ರೇಣುಕಯ್ಯನಿಗೆ ಬೈಯಲು ಬಂದದ್ದು ಮರೆತುಹೋಯಿತು.

"ನಿಮಗೆ ಇಂಗ್ಲಿಷು ಬರುತ್ತಾ?"

"ಇಲ್ಲ. ನಿಮಗೆ?"

"ಸ್ವಲ್ಪ..."

"ಆ ಗುಂಡಿ ಬುಡಿ. ಕಿತ್ತು ಬಂದಾತು."

ಅವನು ಬೆಚ್ಚಿ ನೋಡಿಕೊಂಡ. ಬೆರಳು ಕೋಟಿನ ಮೇಲಿನ ಗುಂಡಿಯನ್ನು ತಿರುವುತ್ತಿತ್ತು.

"ಗೊತ್ತಿಲ್ದೇ ಇರೋದು ಹೇಳುವಾಗೆಲ್ಲ ನಿಮ್ಮ ಕೈ ಅಲ್ಲಿಗೆ ಹೋಗ್ತದೆ," ಎಂದಳು ಕದರಮ್ಮ ಚೊಂಬು ಎತ್ತಿಕೊಳ್ಳುತ್ತಾ. "ನಿನ್ನೆ ರಾತ್ರಿ ಒಂಬತ್ತು ಸಲ ಹೋತು."

ಇಷ್ಟು ವರ್ಷದಲ್ಲಿ ಸಾವಿರಾರು ಜನ ಅವನ ಮಾತು ಕೇಳಿದ್ದರು. ಅವನ ಕೈ ನೋಡಿದವಳು ಇವಳೊಬ್ಬಳೇ. ಅವನಿಗೆ ನಾಚಿಕೆಯಾಯಿತು. ಆ ನಾಚಿಕೆಯ ಜೊತೆಗೆ ಇನ್ನೇನೋ ಒಂದು...

ಅವತ್ತಿನಿಂದ ದಿನವೂ ಬೆಳಿಗ್ಗೆ ಜಗಳ. ರಾಜಕುಮಾರಿ ಹಗ್ಗವನ್ನು ಯಾಕೆ ಕತ್ತರಿಸಿದಳು?

ಸಿನಿಮಾದ ಕತೆ ಊರಿಗೆಲ್ಲ ಬಾಯಿಪಾಠವಾಗಿತ್ತು. ಬಂಡೆಯ ಮೇಲೊಂದು ಕೋಟೆ, ಥೇಟು ಮಧುಗಿರಿ ಬೆಟ್ಟದ ಹಾಗೆ. ಕೋಟೆಯಲ್ಲಿ ರಾಜಕುಮಾರಿ, ಕೆಳಗಿನ ಬೀದಿಯಲ್ಲಿ ದೀಪ ಹಚ್ಚುವ ಹುಡುಗ. ಇಬ್ಬರಿಗೂ ಮನಸ್ಸಾಗುತ್ತದೆ. ಅವಳು ಹಗ್ಗ ಇಳಿಬಿಡುತ್ತಾಳೆ, ಅವನು ಹತ್ತುತ್ತಾನೆ, ಅವಳೇ ಕತ್ತರಿಸುತ್ತಾಳೆ. ಆಮೇಲೆ ಒಬ್ಬ ಮಾಟಗಾತಿ ಬಂದು, ನಿನ್ನ ಕೈ ಮುಟ್ಟಿದವನು ಕಲ್ಲಾಗಲಿ ಎಂದು ಶಾಪ ಕೊಡುತ್ತಾಳೆ. ಗರ್ವಕ್ಕೆ ತಕ್ಕ ಶಾಸ್ತಿ ಎಂದು ತುತ್ತೂರಿ ಹೇಳುತ್ತದೆ. ಕೊನೆಗೆ ಹುಡುಗ ತಿರುಗಿ ಬಂದು, ಅವಳನ್ನು ಕ್ಷಮಿಸಿ, ಶಾಪ ಹರಿದು, ಸಾವಿರ ದೀಪ ಹತ್ತಿ, ಮದುವೆ.

ಹಿರಿಯರಿಗೆ ಈ ಕತೆ ಬಹಳ ಹಿಡಿಸಿತ್ತು. ಹೆಣ್ಣುಮಕ್ಕಳನ್ನು ಕರೆತಂದು ತೋರಿಸುತ್ತಿದ್ದರು. ಪಾಲಪ್ಪನಂತೂ ಎರಡು ಸಲ ನೋಡಿದ್ದ.

"ಗರ್ವ ಅಲ್ದೆ ಇನ್ನೇನೇ?" ಬಾಗಿಲ ಬಳಿ ಟಿಕೀಟಿಗೆ ನಿಂತ ಬೊಮ್ಮಕ್ಕ ಹೇಳುತ್ತಿದ್ದಳು. "ನಮ್ಮತ್ತಿಗೇನೂ ಅಂಗೇಯ. ಮೊದ್ಲು ಕರೀತಾಳೆ, ಬಂದ್ರೆ ಬಾಗ್ಲಾಕ್ತಾಳೆ."

"ನಿಮ್ಮತ್ತಿಗೆ ಬಾಗ್ಲಾಕುವಾಗ ಅಳ್ತಾಳಾ?" ಎಂದಳು ಕದರಮ್ಮ.

"ಅವ್ಳಾ? ಹಲ್ ಕಿರೀತಾಳೆ."

"ನೋಡು ಮತ್ತೆ."

ಏಳನೆಯ ದಿನ ಕದರಮ್ಮ ತಾಯಿಯ ಕಿವಿಯಲ್ಲಿ ಹೇಳುತ್ತಾ ಹೇಳುತ್ತಾ ಮಾತು ನಿಲ್ಲಿಸಿಬಿಟ್ಟಳು. ಬೆಳಿಗ್ಗೆ ರೇಣುಕಯ್ಯ ಬರುವ ತನಕ ಅವಳಿಗೆ ತಡೆಯಲಾಗದೆ, ಬೆಳಕು ಹರಿಯುತ್ತಲೇ ತಾನೇ ಅವನನ್ನು ಹುಡುಕಿಕೊಂಡು ಹೋದಳು.

"ಕತೆ ಮೇಷ್ಟ್ರೇ, ಹಗ್ಗ ಕತ್ತರಿಸುವಾಗ ಅವಳ ನೀಲಿ ಸೆರಗು ಅರ್ಧ ಹರಿದೈತೆ. ಆಮೇಲೆ ಮಾಟಗಾತಿ ಬಂದಾಗ ಸೆರಗು ಪೂರ್ತಿ ಐತೆ. ಅವಳು ಎಳೆದಾಗ ಹರಿದೋಗ್ತದೆ. ಹರಿದಿದ್ದು ಹೆಂಗೆ ಕೂಡ್ಕಂತು?"

ರೇಣುಕಯ್ಯ ಬಾಯಿ ತೆರೆದ. ಕೈ ಗುಂಡಿಯ ಕಡೆ ಹೊರಟು ಅರ್ಧದಲ್ಲೇ ನಿಂತಿತು.

"ಬನ್ನಿ," ಎಂದ.

ಮಿಷನ್ನು ನಡೆಸುವ ನಬೀ ಸಾಬ್ ಶಿರಾದವನು, ವಯಸ್ಸಾದವನು. ಇಂಜಿನ್ನಿನ ಪಕ್ಕ ಕೂತು ಚಹಾ ಕುಡಿಯುತ್ತಿದ್ದ. ವಿಷಯ ಕೇಳಿ ಲೋಟ ಕೆಳಗಿಟ್ಟ.

"ಅರೇ ಬೇಟಿ, ನನ್ನ ಹೊಟ್ಟೇಲಿದ್ದ ಮಾತು ನೀನು ತೆಗ್ದೆ. ಆರ್ ತಿಂಗ್ಳ ಹಿಂದೆ ಕೊರಟಗೆರೆ ಹತ್ರ ಜಯಮಂಗಲಿ ಹೊಳೇಲಿ ಗಾಡಿ ಮಗುಚ್ಕೊಂಡ್ತು. ರೀಲು ಡಬ್ಬಿಗೆ ಅಂಟ್ಸಿದ್ದ ಚೀಟಿ ಎಲ್ಲಾ ನೀರಲ್ಲಿ ತೇಲ್ಕೊಂಡ್ ಹೋತು. ಆಗಿನ್ನೂ ಈ ಪಿಚ್ಚರು ಒಂದ್ ಸಲಾನೂ ಓಡ್ಸಿರ್ಲಿಲ್ಲ. ರೀಲಿನ ತುದೀನೂ ಸವೆದೋಗಿತ್ತು. ಏನ್ ಮಾಡ್ಲಿ? ಅಂದಾಜು ಮೇಲೆ ಹೊಸ ಚೀಟಿ ಅಂಟ್ಸಿದೆ."

ಡಬ್ಬಿಗಳನ್ನು ಹೊರಗೆ ತಂದರು. ನಬೀ ಸಾಬ್ ರೀಲಿನ ತುದಿಯನ್ನು ಬಿಸಿಲಿಗೆ ಹಿಡಿದ. ಮೂವರೂ ತಲೆಗೆ ತಲೆ ತಾಗಿಸಿ ನೋಡಿದರು. ಸಣ್ಣ ಸಣ್ಣ ಚೌಕದಲ್ಲಿ ಸಣ್ಣ ಸಣ್ಣ ರಾಜಕುಮಾರಿಯರು. ಶಾಪದ ರೀಲಿನ ಮೊದಲಲ್ಲಿ ಸೆರಗು ಪೂರ್ತಿ, ಕೊನೆಯಲ್ಲಿ ಅರ್ಧ. ಹಗ್ಗದ ರೀಲಿನಲ್ಲಿ ಮೊದಲಿಂದ ಕೊನೆಯವರೆಗೂ ಅರ್ಧ.

ಮೂರನೆಯದು ನಾಲ್ಕಾಗಿತ್ತು, ನಾಲ್ಕನೆಯದು ಮೂರಾಗಿತ್ತು.

"ಹಗ್ಗ ಇಳಿಬಿಟ್ಟದ್ದು ಎರಡನೇ ರೀಲಲ್ಲಿ. ಅವನು ಹತ್ತೋಕೆ ಮುಂಚೆ ಶಾಪ," ಎಂದ ರೇಣುಕಯ್ಯ ಮೆಲ್ಲಗೆ. "ಅವನು ಮುಟ್ಟಿದರೆ ಕಲ್ಲಾಗ್ತಾನೆ ಅಂತ ಅವಳಿಗೆ ಗೊತ್ತಿತ್ತು. ಅದಕ್ಕೇ..."

"ಅದಕ್ಕೇ ಅಳ್ತಾ ಕತ್ತರಿಸಿದ್ಲು," ಎಂದಳು ಕದರಮ್ಮ.

ಆರು ತಿಂಗಳಿಂದ ಊರೂರಲ್ಲಿ ಆ ಹುಡುಗಿಯನ್ನು ಬೈದಿದ್ದು ನೆನಪಾಗಿ ರೇಣುಕಯ್ಯ ಎದ್ದು ನೇರ ಯಜಮಾನನ ಬಳಿಗೆ ಹೋದ.

ಆದರೆ ಯಜಮಾನ ಜಯರಾಮಯ್ಯ ಕೇಳಿಸಿಕೊಳ್ಳಲೇ ಇಲ್ಲ. "ಸರಿ ಮಾಡಿದ್ರೆ ಪಿಚ್ಚರಿನ ನೀತೀನೇ ಹೋಯ್ತಲ್ಲಯ್ಯ. ಪಾಲಪ್ಪನಂಥೋರು ಮೆಚ್ಕೊಂಡಿರೋದು ಯಾವುದಕ್ಕೆ? ಹಿಂಗೇ ನಡೀಲಿ. ಹೊಟ್ಟೆಪಾಡು."

ನಿಜ ಗೊತ್ತಿದ್ದೂ ದಿನವೂ ಅದೇ ಸುಳ್ಳನ್ನು ಹೇಳಬೇಕು. ರೇಣುಕಯ್ಯನಿಗೆ ಬೇರೆ ದಾರಿ ಇರಲಿಲ್ಲ. ಕದರಮ್ಮನಿಗೆ ಕೇಳುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಬೆಳಗಿನ ಜಗಳ ಮಾತ್ರ ನಿಲ್ಲಲಿಲ್ಲ, ರೂಪ ಬದಲಾಯಿತು.

"ಒಂದು ಮಾತು ಹೇಳು," ಎಂದ ಅವನು ಒಂದು ದಿನ. ಅವನ ಬಾಯಲ್ಲಿ 'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ತಿಳಿದಿರಲಿಲ್ಲ. "ಅವಳಿಗೆ ಬಾಯಿರಲಿಲ್ವಾ? ಹಿಂಗಿಂಗೆ ಶಾಪ ಇದೆ ಅಂತ ಕೂಗಿ ಹೇಳಬಹುದಾಗಿತ್ತು."

"ಹೇಳಿದ್ರೆ ಅವನು ಹತ್ತೇ ಹತ್ತೋನು."

"ಹತ್ತಲಿ. ಕಲ್ಲಾಗೋದು ಬಿಡೋದು ಅವನ ಪಾಲಿಗೆ ಬಿಡಬೇಕಿತ್ತು. ಅವಳೊಬ್ಬಳೇ ತೀರ್ಮಾನ ಮಾಡೋಕೆ ಅವಳಿಗೆ ಯಾರು ಅಧಿಕಾರ ಕೊಟ್ಟರು?"

"ಪ್ರೀತಿ ಕೊಡ್ತು."

"ಪ್ರೀತಿ ಅಂದ್ರೆ ಕೇಳದೆ ಕತ್ತರಿಸೋದಾ?"

"ನಿಮ್ ಗಂಡಸ್ರಿಗೆ ಕೆರೇಗೆ ಬಿದ್ರೂ ಎದ್ದೋಗಿ ಸಿಟ್ ಮಾಡ್ಕಳಕ್ಕೆ ಜಾಗ ಇರ್ತದೆ. ಅವಳು ಆ ಬಂಡೆ ಮೇಲೇ ಇರ್ಬೇಕಲ್ಲ."

ಅವಳು ಮಾತಾಡುತ್ತಿರುವುದು ಬೊಂಬೆಯ ಬಗ್ಗೆ ಅಲ್ಲ ಎಂದು ಅವನಿಗೆ ಅನ್ನಿಸಿತು. ಅವಳಿಗೂ ಅನ್ನಿಸಿತು. ಇಬ್ಬರೂ ಬೆಟ್ಟದ ಕಡೆ ನೋಡುತ್ತಾ ನಿಂತರು. ಬಿಸಿಲಿಗೆ ಬಂಡೆ ಬೋಳು ತಲೆಯ ಹಾಗೆ ಹೊಳೆಯುತ್ತಿತ್ತು.

ಅಂದು ಸಂಜೆ ರಾಜಕುಮಾರಿ ಕತ್ತರಿ ಎತ್ತಿದಾಗ ತುತ್ತೂರಿ ಗರ್ವದ ಮಾತು ಆಡಲಿಲ್ಲ.

"ಯಾಕೆ ಕತ್ತರಿಸುತ್ತಿದ್ದಾಳೋ..." ಎಂದಿತು. "ಅವಳ ಕಣ್ಣಲ್ಲಿ ನೀರಿದೆ, ಮಹಾಜನಗಳೇ. ನಮಗೆ ಕಾಣದ್ದನ್ನು ಏನೋ ಅವಳು ಕಂಡಿದ್ದಾಳೆ."

ಕತ್ತಲಲ್ಲಿ ಕದರಮ್ಮ ಪರದೆ ಬಿಟ್ಟು ತುತ್ತೂರಿಯ ಕಡೆ ತಿರುಗಿದಳು. ಅಷ್ಟು ಜನ ಕೇಳಿದ ಮಾತು ಅವಳೊಬ್ಬಳಿಗೇ ಹೇಳಿದ್ದಾಗಿತ್ತು. ಯಾರಾದರೂ ಅವಳಿಗೆ ಕಾಗದ ಬರೆದಿದ್ದರೆ ಅದು ಹೀಗೇ ಇರುತ್ತಿತ್ತು.

"ಇವತ್ತೇನೇ ಇಬ್ರೂ ಒಂದೇ ಹೇಳ್ತಾ ಇದೀರಿ?" ಎಂದಳು ಲಕ್ಷ್ಮಕ್ಕ.

ಮಗಳ ಕೈ ಹಿಡಿದು ನೋಡಿದಳು. ಬೆವೆತಿತ್ತು.

ಐದು ದಿನ ಹಾಗೇ ನಡೆಯಿತು. ಆರನೆಯ ದಿನ ಪಾಲಪ್ಪ ಮೂರನೆಯ ಸಲ ಸಿನಿಮಾ ನೋಡಲು ಬಂದ. ಜೊತೆಗೆ ವೈ.ಎನ್. ಹೊಸಕೋಟೆಯಿಂದ ಬಂದ ಇಬ್ಬರು ನೆಂಟರಿದ್ದರು. ಒಳ್ಳೇ ನೀತಿ ಐತೆ, ನೋಡ್ರಿ ಎಂದು ಕರೆತಂದಿದ್ದ. ನೀತಿಯ ಜಾಗ ಬಂತು. ನೀತಿ ಬರಲಿಲ್ಲ. ಕತೆ ಹೇಳುವವನ ಮುಖ ಹೆಂಗಸರ ಕಡೆ ತಿರುಗಿತ್ತು.

ಪಾಲಪ್ಪ ತಡಿಕೆಯ ಸಂದಿಯಿಂದ ಆಚೆ ನೋಡಿದ. ಎಲ್ಲ ಹೆಂಗಸರೂ ಪರದೆ ನೋಡುತ್ತಿದ್ದರು. ಅವನ ತಮ್ಮನ ಮಗಳು ಮಾತ್ರ ಪರದೆಯ ಪಕ್ಕ ನೋಡುತ್ತಿದ್ದಳು.

ಬೆಳಿಗ್ಗೆ ಅಂಗಳದಲ್ಲಿ ಕೂತು ಅವನು ಅವಳನ್ನು ಕರೆದ. ದನಿ ಏರಿಸಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು.

"ನಾನು ಹೊಡಿಯೋನೂ ಅಲ್ಲ, ಬಡಿಯೋನೂ ಅಲ್ಲ ಕಣವ್ವ. ಹೊಸಕೋಟೆಯೋರು ನಿನ್ನನ್ನೇ ನೋಡಕ್ಕೆ ಬಂದಿದ್ದು. ಒಪ್ಪವ್ರೆ. ಆ ತುತ್ತೂರಿಯೋನು ನಮ್ಮ ಜಾತಿಯೋನಲ್ಲ, ಊರಿನೋನಲ್ಲ. ಯಾರಿಗೋಸ್ಕರ ಕತೆ ತಿರುಗಿಸ್ತಾವ್ನೆ ಅನ್ನೋದು ನಂಗೆ ಗೊತ್ತಾತು. ನಾಳೆ ನಾಕು ಜನದ ಮುಂದೆ ನೀನೇ ಅವನ ಮುಖಕ್ಕೆ ಹೇಳಿ ಮುಗಿಸ್ಬುಡು."

"ಅವರೇನೂ ಮಾಡಿಲ್ಲ ದೊಡ್ಡಪ್ಪ."

"ಮಾಡಿಲ್ಲ. ಅದಕ್ಕೇ ನಾನೂ ಏನೂ ಮಾಡಿಲ್ಲ. ಮುಂದೆ ಅವರ ಟೆಂಟು ಮದಲೂರಿಗೆ ಹೋಗ್ತದೆ. ಆ ಜಾಗ ನಮ್ಮ ಬೀಗರ್ದು. ಅಲ್ಲಿಂದ ಹೊಸಕೋಟೆ. ಆ ಜಾಗ ನಿನ್ನ ಒಪ್ಪಿರೋರ್ದು. ನಾನೊಂದು ಮಾತಂದ್ರೆ ಪಾವಗಡದ ತನಕ ಅವರಿಗೆ ಒಂದು ಗೂಟ ಹೊಡಿಯಕ್ಕೆ ನೆಲ ಸಿಕ್ಕಲ್ಲ. ಹನ್ನೆರಡು ಜನ ಉಣ್ತಾವ್ರೆ ಅದ್ರಲ್ಲಿ." ಎಲೆಗೆ ಸುಣ್ಣ ಸವರಿ ಮಡಿಚಿದ. "ನಿಮ್ಮಮ್ಮನೂ ನಮ್ಮನೇಲೇ ಉಣ್ತಾವ್ಳೆ."

ಗೋಡೆಗೊರಗಿ ಕೂತಿದ್ದ ಲಕ್ಷ್ಮಕ್ಕ ಅಷ್ಟನ್ನೂ ಕೇಳಿಸಿಕೊಂಡಳು.

ಆ ರಾತ್ರಿ ಕದರಮ್ಮ ನೂರು ಸಲ ಲೆಕ್ಕ ಹಾಕಿದಳು. ಅವನಿಗೆ ಹೇಳಿಬಿಟ್ಟರೆ? ಹೇಳಿದರೆ ಅವನು ಹೋಗುವವನಲ್ಲ. ಹತ್ತಲಿ ಎನ್ನುವವನು. ಹತ್ತಿಬರುವವನು. ನಬೀ ಸಾಬ್, ಯಜಮಾನ, ಅಡಿಗೆಯವನು, ಗಾಡಿಯವರು... ಅಮ್ಮ... ಎಲ್ಲರೂ ಕಲ್ಲಾಗಬೇಕು. ಆ ಬೊಂಬೆ ಹುಡುಗಿಯ ಕೈಗೆ ಕತ್ತರಿ ಹೇಗೆ ಬಂತು ಎಂದು ಅವಳಿಗೆ ಈಗ ಅರ್ಥವಾಯಿತು. ಅವಳು ಹುಡುಕಿ ತಂದಿರಲಿಲ್ಲ, ಯಾರೋ ತಂದು ಕೈಗಿಟ್ಟಿದ್ದರು.

ಮಾರನೆಯ ದಿನ ಸಂಜೆ, ಬಾಗಿಲಲ್ಲಿ ಹೆಂಗಸರು ಸಾಲು ನಿಂತಿದ್ದಾಗಲೇ ರೇಣುಕಯ್ಯ ನಗುತ್ತಾ ಬಂದ. ಅಂಗೈಯಲ್ಲಿ ಫಿಲ್ಮಿನ ಒಂದು ತುಂಡು. ಹರಿದು ಜೋಡಿಸುವಾಗ ಉಳಿದದ್ದು, ನಾಲ್ಕೇ ಚೌಕ.

"ಪೂರ್ತಿ ಸೆರಗಿನವಳು," ಎಂದ. "ನಿನಗೆ ಅಂತ ಇಟ್ಟುಕೊಂಡಿದ್ದೆ."

ದೂರದಲ್ಲಿ ಹೊಂಗೆ ಮರದ ಕೆಳಗೆ ಪಾಲಪ್ಪ ಕೂತಿದ್ದ. ರೇಣುಕಯ್ಯನಿಗೆ ಅವನ ಕಡೆ ಬೆನ್ನು.

ಕದರಮ್ಮ ಆ ತುಂಡನ್ನು ತೆಗೆದುಕೊಂಡಳು. ಒಂದು ಸಲ ನೋಡಿದಳು. ನೆಲಕ್ಕೆ ಎಸೆದಳು.

"ಬೊಂಬೆ ತೋರ್ಸಿ ಹೆಣ್ಣುಮಕ್ಕಳನ್ನ ಮರುಳು ಮಾಡೋದು ನಿಮ್ಮ ಕಸುಬಾ?"

"ಕದರಮ್ಮ..."

"ನನ್ನ ಹೆಸರು ಹಿಡಿಬ್ಯಾಡಿ. ನೀವ್ಯಾರು? ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಸುಳ್ಳು ಹೇಳಿ ಹೊಟ್ಟೆ ಹೊರೆಯೋ ತುತ್ತೂರಿಯೋರಿಗೆ ನಮ್ಮಂಥ ಮನೆಯೋರ ಹತ್ರ ಏನು ಮಾತು? ಗಂಡಸ್ರ ಕಡೆ ನಡೀರಿ."

ಬೊಮ್ಮಕ್ಕ ಕಿಸಕ್ಕೆಂದಳು. ಸಾಲಿನಲ್ಲಿದ್ದವರು ಒಬ್ಬರನ್ನೊಬ್ಬರು ತಿವಿದರು.

ರೇಣುಕಯ್ಯನ ನಗು ತಕ್ಷಣ ಹೋಗಲಿಲ್ಲ. ಏನಾಯಿತೆಂದು ತಿಳಿಯದೆ ಮುಖದ ಮೇಲೆ ಒಂದು ಗಳಿಗೆ ಹಾಗೇ ಉಳಿದಿತ್ತು. ಕದರಮ್ಮನಿಗೆ ಜೀವಮಾನವಿಡೀ ಮರೆಯಲಾರದ್ದು ಅದೇ. ಆಮೇಲೆ ಅವನು ಬಗ್ಗಿ, ಮಣ್ಣಿಂದ ಆ ತುಂಡು ಎತ್ತಿಕೊಂಡು ಹೋದ.

ಅಂದಿನ ಆಟದಲ್ಲಿ ತುತ್ತೂರಿ ಹಿಂದೆಂದೂ ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ ಎಂದು ಜನ ಹೇಳಿದರು.

"ನೋಡಿ ಮಹಾಜನಗಳೇ, ನೋಡಿ! ಕರೆದವಳೂ ಇವಳೇ, ಹಗ್ಗ ಕೊಟ್ಟವಳೂ ಇವಳೇ. ಕಣ್ಣೀರು ಕಂಡು ಮೋಸ ಹೋಗಬೇಡಿ. ಮೊಸಳೆಗೂ ಕಣ್ಣೀರಿದೆ. ಇವಳಿಗೆ ಮನಸ್ಸಿಲ್ಲ, ಬರೀ ಗರ್ವ..."

ಗಂಡಸರು ಚಪ್ಪಾಳೆ ಹೊಡೆದರು. ರೀಲು ಅದಲು ಬದಲಾಗಿದೆ ಎಂದು ಬಲ್ಲವನೇ ಹೀಗೆ ಹೇಳುತ್ತಿದ್ದ. ಒಂದು ಮಾತಿಗೂ ಅವನ ಕೈ ಗುಂಡಿಯ ಕಡೆ ಹೋಗಲಿಲ್ಲ. ಅಷ್ಟೂ ಅವನು ನಂಬಿ ಹೇಳಿದ್ದು.

"ಏನೇ ಆಗ್ತಾ ಐತೆ ಪರದೆ ಮೇಲೆ?" ಎಂದು ಲಕ್ಷ್ಮಕ್ಕ ಕೇಳಿದಳು.

"ಏನೂ ಇಲ್ಲಮ್ಮ," ಎಂದಳು ಕದರಮ್ಮ. "ನಂಗೂ ಕಾಣ್ತಿಲ್ಲ."

ನಾಲ್ಕು ದಿನ ಕಳೆದು ಟೆಂಟು ಏಳುವ ದಿನ ಬಂತು. ಬೆಳಗಿನಿಂದಲೇ ಗೂಟ ಕೀಳುವ ಸದ್ದು. ರೇಣುಕಯ್ಯ ಪರದೆಯ ಬಟ್ಟೆ ಮಡಿಸುತ್ತಿದ್ದಾಗ, ಟೆಂಟಿನ ಹಗ್ಗ ಹಿಡಿದು ತಡವುತ್ತಾ ಲಕ್ಷ್ಮಕ್ಕ ಬಂದಳು.

"ಕತೆ ಮೇಷ್ಟ್ರು ಅವ್ರಾ ಇಲ್ಲಿ?"

"ಇದೀನಿ ಕಣಮ್ಮ."

"ಮಗಾ, ನಂಗೆ ಬೊಂಬೆ ಕಾಣಲ್ಲ. ಆದ್ರೆ ಕೇಳುಸ್ತದೆ. ಅವತ್ತು ಬಾಗ್ಲಲ್ಲಿ ನನ್ ಮಗಳು ನಿಮ್ಮನ್ನ ಬೈದ್ಲಲ್ಲ, ಬೈಯಕ್ಕೆ ಮುಂಚೆ ಮೂರು ಸಲ ಉಗುಳು ನುಂಗಿದ್ಲು. ನಿಮ್ಗೆ ಕೇಳುಸ್ಲಿಲ್ವಾ?"

ಅವನು ಮಡಿಸುವುದನ್ನು ನಿಲ್ಲಿಸಿದ.

"ನೀವು ನಾಕನೇ ರೀಲು ನೋಡ್ಬುಟ್ರಿ," ಎಂದಳು ಮುದುಕಿ. "ಮೂರನೇದು ಅದರ ಹಿಂದಿನ ದಿನ ನಮ್ಮನೆ ಅಂಗಳದಾಗೆ ಆಗಿತ್ತು."

ನಿಧಾನವಾಗಿ ಎಲ್ಲ ಹೇಳಿದಳು. ಮದಲೂರಿನ ಜಾಗ, ಹೊಸಕೋಟೆಯವರು, ಹನ್ನೆರಡು ಜನರ ಅನ್ನ, ಪಾಲಪ್ಪನ ಎಲೆ ಸುಣ್ಣ. ಹೇಳಿ ಮುಗಿಸಿ, ತಡವಿಕೊಂಡು ಬಂದ ಹಗ್ಗವನ್ನೇ ಹಿಡಿದು ನಿಂತಳು.

ರೇಣುಕಯ್ಯ ಪರದೆಯ ಮೇಲೇ ಕೂತ. ಮೊಸಳೆಗೂ ಕಣ್ಣೀರಿದೆ... ಆ ಮಾತನ್ನು ಅವಳು ತಡಿಕೆಯಾಚೆ ಕೂತು ಕೇಳಿದ್ದಳು. ನಾಲ್ಕು ದಿನ ಕೇಳಿದ್ದಳು.

ಓಡಿಹೋಗಿ ಅವಳ ಕಾಲು ಹಿಡಿಯಬೇಕೆನಿಸಿತು. ಹಿಡಿದು ಮುಂದೇನು? ಅವನಿಗೆ ಮನೆಯಿಲ್ಲ, ನೆಲವಿಲ್ಲ. ಇರುವುದೊಂದು ತುತ್ತೂರಿ. ಗಾಡಿಯ ಬಳಿ ನಬೀ ಸಾಬ್ ರೀಲಿನ ಡಬ್ಬಿಗಳನ್ನು ಕೂಸಿನ ಹಾಗೆ ಎತ್ತಿಡುತ್ತಿದ್ದ. ಈ ಮುದುಕ ಎಲ್ಲಿಗೆ ಹೋಗಬೇಕು? ಈ ಕುರುಡು ತಾಯಿ ಎಲ್ಲಿಗೆ ಹೋಗಬೇಕು? ಯಾವ ಕಡೆ ತಿರುಗಿದರೂ ಬಂಡೆ.

ಬಹಳ ಹೊತ್ತಿನ ಮೇಲೆ ಅವನು ಎದ್ದ. ಏನು ಮಾಡಬೇಕೆಂದು ತೀರ್ಮಾನಿಸಿದ್ದ. ಒಬ್ಬನೇ ತೀರ್ಮಾನಿಸಿದ್ದ.

ಕದರಮ್ಮ ಹೆಂಗಸರ ಕಡೆಯ ತಡಿಕೆ ಬಿಚ್ಚುತ್ತಿದ್ದಳು. ಹೊಂಗೆ ಮರದ ಕೆಳಗೆ ಪಾಲಪ್ಪ ಕೂತಿದ್ದ. ಟೆಂಟು ಹೊಲ ದಾಟುವ ತನಕ ಅವನು ಏಳುವವನಲ್ಲ.

"ನಾನು ಹೊರಟೆ," ಎಂದ ರೇಣುಕಯ್ಯ.

ಅವಳು ತಲೆಯೆತ್ತಲಿಲ್ಲ.

"ಹೊಸಕೋಟೆಯವರು ಒಳ್ಳೆಯ ಜನವಂತೆ. ಕಡಲೆಕಾಯಿ ಬೆಳೆಯೋ ಹೊಲ ಇದೆ. ಒಪ್ಪಿಕೋ. ನನ್ನ ಮನಸ್ಸಲ್ಲಿ ಯಾವತ್ತೂ ಏನೂ ಇರಲಿಲ್ಲ. ನಾನು ಎಲ್ಲ ಊರಲ್ಲೂ ಹಿಂಗೇ ಯಾರ ಹತ್ತಿರಾದರೂ ಮಾತಾಡ್ತೀನಿ. ಹೊತ್ತು ಹೋಗಬೇಕಲ್ಲ. ಆಮೇಲೆ ಮರೀತೀನಿ."

ಕದರಮ್ಮ ಈಗ ನೋಡಿದಳು. ಮುಖ ನೋಡಲಿಲ್ಲ, ಕೈ ನೋಡಿದಳು.

"ಆ ಗುಂಡಿ ಬುಡಿ," ಎಂದಳು. "ಒಂದೇ ಎಳೇಲಿ ನಿಂತೈತೆ."

ಅವನು ಕೈ ಕೆಳಗಿಳಿಸಿದ.

"ಅಳ್ತಾ ಇದೀರಿ."

"ಹೊಗೆ."

"ಇಂಜಿನ್ನು ಗಾಡಿ ಮೇಲೈತೆ. ಎಲ್ಲಿಂದ ಬಂತು ಹೊಗೆ?"

ಅವನಿಗೆ ನಗು ಬಂತು, ನಗುವ ಬಾಯಿ ಸೊಟ್ಟಗಾಯಿತು.

"ಅಮ್ಮ ಹೇಳಿದ್ಲಾ?" ಎಂದಳು ಮೆಲ್ಲಗೆ.

"ಹೇಳಿದರು. ಕದರಮ್ಮ... ನಾಲ್ಕು ದಿನ ನಾನು ಆಡಿದ ಮಾತು..."

"ಬೊಂಬೆಗೆ ತಾನೆ ಅಂದಿದ್ದು."

"ನಿನಗೇ ಅಂದಿದ್ದು. ನೀನು 'ಸುಳ್ಳು' ಅಂತ ಎದ್ದು ನಿಂತೆಯಲ್ಲ, ಅವತ್ತಿನಿಂದ ನಾನು ಆಡಿದ್ದೆಲ್ಲ ನಿನಗೇ. ಒಳ್ಳೇದೂ ನಿನಗೇ, ಕೆಟ್ಟದ್ದೂ ನಿನಗೇ. ಪ್ರೀತಿ ಕಣೆ. ಇನ್ನೇನು ಅಂತ ಹೇಳಲಿ?"

ಕದರಮ್ಮ ಬಿಚ್ಚಿದ ತಡಿಕೆಯ ಗಳುವನ್ನು ನೆಲಕ್ಕೆ ಊರಿ ನಿಂತಳು. ಈ ಮಾತು ಕೇಳಲು ಎಷ್ಟು ದಿನದಿಂದ ಕಾದಿದ್ದಳೋ. ಕೇಳಿದಾಗ ಸಂತೋಷಪಡಲು ಒಂದು ಅಂಗೈಯಷ್ಟೂ ಜಾಗವಿರಲಿಲ್ಲ.

"ನಂಗೂ," ಎಂದಳು. ಅಷ್ಟೇ ಬಂತು.

ಮರದ ಕೆಳಗೆ ಪಾಲಪ್ಪ ಎದ್ದು ನಿಂತ. ಗಾಡಿಯವರು ಎತ್ತುಗಳಿಗೆ ನೊಗ ಹೂಡುತ್ತಿದ್ದರು.

"ಹೊತ್ತಿಲ್ಲ," ಎಂದ ರೇಣುಕಯ್ಯ ಅವಸರದಲ್ಲಿ. "ಕೇಳು. ನಾನು ಇಲ್ಲಿ ನಿಂತರೆ ಎಲ್ಲರಿಗೂ ಶಾಪ ತಟ್ಟುತ್ತೆ. ನಿನ್ನ ಅಮ್ಮನಿಗೆ ಮೊದಲು. ಇವಳದು ಏನೂ ತಪ್ಪಿಲ್ಲ ಅಂತ ನಿಮ್ಮ ದೊಡ್ಡಪ್ಪನ ಮುಂದೆ ಆಣೆ ಮಾಡಿ ಹೋಗ್ತೀನಿ. ನಿನ್ನನ್ನ ಬಿಟ್ಟುಕೊಟ್ಟಿದೀನಿ. ನೀನೂ ನನ್ನನ್ನ ಬಿಟ್ಟುಬಿಡು. ಇದೊಂದು ಇಟ್ಟುಕೋ, ಸಾಕು."

ಅಂಗೈ ಚಾಚಿದ. ಮಣ್ಣು ಒರೆಸಿದ ಫಿಲ್ಮಿನ ತುಂಡು. ಪೂರ್ತಿ ಸೆರಗಿನ ನಾಲ್ಕು ಪುಟ್ಟ ಹುಡುಗಿಯರು.

ಕದರಮ್ಮ ಅದನ್ನು ನೋಡಿದಳು. ಅವನ ಒದ್ದೆ ಕಣ್ಣು ನೋಡಿದಳು. ಈ ಕತ್ತರಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದರ ಹಿಡಿ ಎಲ್ಲಿ ಬೆರಳು ಕೊರೆಯುತ್ತದೆ ಎಂಬುದೂ ಗೊತ್ತಿತ್ತು.

"ಕಲ್ಲಾಗೋದು ಬುಡೋದು ಅವನ ಪಾಲಿಗೆ ಬುಡ್ಬೇಕಿತ್ತು ಅಂದೋರು ಯಾರು?"

ಅವನು ಬೆಟ್ಟದ ಕಡೆ ನೋಡಿದ.

"ನಾನು ನಿಮ್ಮನ್ನ ಕೇಳ್ದೆ ಕತ್ತರಿಸಿದೆ. ತಪ್ಪಾತು. ಈಗ ನೀವು ನನ್ನ ಕೇಳ್ದೆ ಕತ್ತರಿಸ್ತಾ ಇದೀರಿ. ನನ್ನ ಪಾಲಿಗೆ ಯಾಕೆ ಬುಡಲ್ಲ?"

"ಬಿಟ್ಟರೆ ಏನು ಮಾಡ್ತೀಯ? ಎಲ್ಲಿಗೆ ಹೋಗ್ತೀಯ? ಹೆಂಗೆ?"

ಅವಳಿಗೆ ಗೊತ್ತಿರಲಿಲ್ಲ. ನಿಜಕ್ಕೂ ಏನೂ ಗೊತ್ತಿರಲಿಲ್ಲ. ಮುಂದೆ ರಸ್ತೆ, ಹಿಂದೆ ಬೆಟ್ಟ, ಹೊಲದ ಬದುವಿನ ಮೇಲೆ ಹೆಜ್ಜೆ ಹಾಕುತ್ತಾ ಬರುತ್ತಿದ್ದ ದೊಡ್ಡಪ್ಪ. ಇನ್ನೊಂದು ಕಡೆ, ಕೊನೆಯ ಗೂಟಕ್ಕೆ ಕಟ್ಟಿದ ಹಗ್ಗ ಹಿಡಿದು, ಇವರ ಕಡೆಗೇ ಕಿವಿಯಾಗಿ ನಿಂತಿದ್ದ ಅಮ್ಮ. ಗೂಟ ಕೀಳಲು ಬಂದವನಿಗೆ ಅವಳು ಹಗ್ಗ ಬಿಟ್ಟುಕೊಟ್ಟಿರಲಿಲ್ಲ.

"ತಗೋ ಕದರಮ್ಮ," ರೇಣುಕಯ್ಯನ ಆ ಗಂಟಲು, ಊರೂರು ಕೇಳಿದ ಗಂಟಲು, ಒಡೆದುಹೋಗಿತ್ತು. "ದಮ್ಮಯ್ಯ ಅಂತೀನಿ. ತಗೊಂಡು ನನ್ನ ಕಳಿಸಿಕೊಡು."

ಕದರಮ್ಮ ಗಳುವನ್ನು ಕೆಳಗಿಟ್ಟಳು. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು.

"ತಗಳಲ್ಲ," ಎಂದಳು.